ಬಾಯಿ ಕಟ್ಟಬೇಕಂತೆ

ಮಾರ್ಚ್ ೩, ಸೋಮವಾರ

ತಿಂದದ್ದನ್ನೆಲ್ಲ ಬರೆಯಬೇಕಂತೆ. ಬರೆಯೋದಿಲ್ಲ.

ಆಸ್ಪತ್ರೆಯ ಊಟದ ಮೇಡಂ ಈ ಪುಸ್ತಕ ಕೈಗಿಟ್ಟು, ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಒಂದು ಬಿಸ್ಕತ್ತನ್ನೂ ಬಿಡದೆ ಬರೀರಿ ಅಂದರು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಬರೆಯೋಕೆ ಬರಲ್ಲ ಅಂದುಬಿಟ್ಟೆ. ಸುಳ್ಳು. ಬರುತ್ತೆ. ಅಲ್ಲಿ ಇಲ್ಲಿ ಒತ್ತಕ್ಷರ ತಪ್ಪಬಹುದು, ಅಷ್ಟೇ. ಅಕ್ಕ ಪುಸ್ತಕ ಕಿತ್ತುಕೊಂಡು ಬ್ಯಾಗಿಗೆ ಹಾಕಿಕೊಂಡಳು, ಮನೆಗೆ ಬಂದ ಮೇಲೆ ನನ್ನ ಮುಂದಿಟ್ಟಳು. ಅಮ್ಮ ಹೋದಾಗಿನಿಂದ ನನ್ನ ಹೊಟ್ಟೆಯ ಉಸ್ತುವಾರಿ ಅವಳದೇ. ಇರಲಿ. ಪುಸ್ತಕ ಇದೆ, ಪೆನ್ನಿದೆ. ಊಟ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬರೀತೀನಿ.

ಏಪ್ರಿಲ್ ಕೊನೆಗೆ ಆಪರೇಷನ್. ಹೊಟ್ಟೆ ಕತ್ತರಿಸಿ ಚಿಕ್ಕದು ಮಾಡ್ತಾರೆ. ಆಮೇಲೆ ತಿನ್ನಬೇಕು ಅಂದರೂ ಜಾಗ ಇರಲ್ಲವಂತೆ. ಪ್ರಜ್ಞೆ ತಪ್ಪಿಸೋ ಔಷಧಿ ಕೊಟ್ಟ ಮೇಲೆ ಎಚ್ಚರ ಆಗದೇ ಹೋದರೆ? ಅರ್ಧದಲ್ಲೇ ಎಚ್ಚರ ಆದರೆ? ಆಪರೇಷನ್ ಮೇಜು ಮುರಿದರೆ? ಇವತ್ತು ಸರ್ಜನ್ ರೂಮಿನ ಹೊರಗೆ ಕೂತಿದ್ದಾಗ ಕುರ್ಚಿಯ ಹಿಂದಿನ ಕಾಲಿನ ಸ್ಕ್ರೂ ಸಡಿಲ ಇತ್ತು. ಸೋಫಾ ರಿಪೇರಿ ಮಾಡೋ ನನ್ನಂಥವನಿಗೆ ಅದು ಕೂತ ತಕ್ಷಣ ಗೊತ್ತಾಗುತ್ತೆ. ಅರ್ಧ ಗಂಟೆ ತೊಡೆಯ ಮೇಲೇ ಭಾರ ಹೊತ್ತು ಕೂತಿದ್ದೆ. ಬಿದ್ದರೆ ಸ್ಕ್ರೂವನ್ನ ಯಾರೂ ಬೈಯಲ್ಲ.

ಒಳಗೆ ಹೋದ ಮೇಲೆ ಧೈರ್ಯ ಮಾಡಿ, "ಸಾರ್, ಒಂದು ವಿಷಯ ಹೇಳಬೇಕಿತ್ತು. ಅಂಗಡಿ ಗೋದಾಮಲ್ಲಿ ಒಂದೊಂದು ಸಲ ನಾನು..." ಅಂತ ಶುರು ಮಾಡಿದೆ. ಸರ್ಜನ್ ಕಂಪ್ಯೂಟರ್ ನೋಡ್ತಾ, "ಆಪರೇಷನ್ ಆಗೋವರೆಗೂ ಬಾಯಿ ಕಟ್ಟಬೇಕು ನೋಡಿ" ಅಂದರು.

ಕಟ್ಟಿದೆ. ಡಾಕ್ಟರೇ ಸುಮ್ಮನಿರು ಅಂದ ಮೇಲೆ ಇನ್ನೇನು ಹೇಳೋದು? ಪಕ್ಕದಲ್ಲಿ ಕೂತಿದ್ದ ಅಕ್ಕ ತಲೆ ಆಡಿಸ್ತಿದ್ದಳು, ಅವಳಿಗೂ ಅದೇ ಬೇಕಿತ್ತೇನೋ. ಮೈಯೆಲ್ಲ ಉರಿದುಹೋಯ್ತು. ಕೇಳದಿದ್ದರೆ ಬಿಡಿ. ನಾನಾಗಿ ಇನ್ನು ಹೇಳಿದರೆ ಕೇಳಿ.

ಮಾರ್ಚ್ ೪, ಮಂಗಳವಾರ

ಊಟದ ಬದಲು ಆಸ್ಪತ್ರೆಯವರು ಕೊಟ್ಟ ಡಬ್ಬದ ಪುಡಿ ನೀರಲ್ಲಿ ಕಲಸಿ ಕುಡಿಯೋದು. ಬೇರೇನಿಲ್ಲ. ಅಕ್ಕನಿಗೆ ಹಬ್ಬ.

ಮಾರ್ಚ್ ೯, ಭಾನುವಾರ

ಭಾವನ ಚಿಕ್ಕಮ್ಮ ಬಂದಿದ್ದರು. ಬಾಗಿಲಲ್ಲೇ ನಿಂತು, "ಅಯ್ಯೋ, ಎಷ್ಟು ಇಳಿದಿದ್ದೀಯಪ್ಪಾ! ಈಗ ಮನುಷ್ಯನ ಹಾಗೆ ಕಾಣ್ತಿದ್ದೀಯ" ಅಂದರು.

ಹೋದ ವಾರ ಏನಾಗಿ ಕಾಣ್ತಿದ್ದೆ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಖುಷಿಯೂ ಆಗಿಬಿಟ್ಟಿತ್ತಲ್ಲ, ಅದಕ್ಕೇ ಹೆಚ್ಚು ಕೋಪ. ಯಾರೋ ತಲೆ ಸವರಿದರೆ ಬಾಲ ಅಲ್ಲಾಡಿಸೋ ಜಾತಿ ನಾನು.

ಅವರಿಗೆ ಗೊತ್ತಿಲ್ಲದ್ದು: ಕೆಲಸ ಮಾಡುವಾಗ ಕೈ ನಡುಗುತ್ತೆ. ನಿನ್ನೆ ಪಿನ್ ಗನ್ನು ಬಟ್ಟೆಗೆ ಹೊಡೆಯೋ ಬದಲು ಹೆಬ್ಬೆರಳಿಗೆ ಹೊಡೆದುಕೊಂಡೆ. ಅಂಗಡಿ ಯಜಮಾನರು, "ದಿಂಬು, ಬೆರಳನ್ನೂ ಸೋಫಾಗೆ ಸೇರಿಸಿ ಕೊಡ್ತೀಯೇನೋ?" ಅಂದು ನಕ್ಕರು. ದಿಂಬು ಅಂತ ಹೆಸರಿಟ್ಟವರೂ ಅವರೇ. ನನ್ನ ನಿಜ ಹೆಸರು ಅವರಿಗೆ ನೆನಪಿದೆಯೋ ಇಲ್ಲವೋ.

ಮಾರ್ಚ್ ೧೩, ಗುರುವಾರ

ಊಟ ಬರೆಯಲ್ಲ ಅಂದಿದ್ದೆ. ಇದು ಊಟ ಅಲ್ಲ, ಅದಕ್ಕೆ ಬರೀತೀನಿ.

ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಗೋದಾಮಿಗೆ ಹೋದೆ. ಫೋಮ್ ಹಾಳೆಗಳನ್ನ ಗೋಡೆಗೆ ಒರಗಿಸಿ ನಿಲ್ಲಿಸಿರ್ತೀವಿ, ಅದರ ಹಿಂದೆ ನಾನು ಹಿಡಿಸುವಷ್ಟು ಜಾಗ ಇದೆ. ಬೆಳಿಗ್ಗೆಯೇ ಬ್ರೆಡ್ಡು, ಬಿಸ್ಕತ್ತು ತಂದು ಬಚ್ಚಿಟ್ಟಿದ್ದೆ. ಶುರು ಆದ ಮೇಲೆ ಕೈ ನನ್ನದಲ್ಲ. ರುಚಿ ಗೊತ್ತಾಗಲ್ಲ. ಉಸಿರು ಬಿಡೋಕೂ ಪುರುಸೊತ್ತಿಲ್ಲ. ಹೊಟ್ಟೆ ನೋಯ್ತಾ ಇರುತ್ತೆ, ಕೈ ಹೋಗ್ತಾ ಇರುತ್ತೆ. ಬ್ರೆಡ್ಡು ಮುಗಿಯಿತು. ಬಿಸ್ಕತ್ತು ಮುಗಿಯಿತು. ಹಲಗೆಯ ಮೇಲೆ ಕಡ್ಡಿಯ ಊಟದ ಡಬ್ಬಿ ಇತ್ತು.

ಕಡ್ಡಿ ಅಂದರೆ ಕವರ್ ಹೊಲಿಯೋ ಹುಡುಗಿ. ಆ ಹೆಸರೂ ಯಜಮಾನರದೇ. ಗಾಳಿ ಬಂದರೆ ಹಿಡಿದುಕೊಳ್ಳಬೇಕು, ಅಷ್ಟು ಸಣ್ಣ. ಅಂಥವಳ ಊಟ ಕದ್ದು ತಿಂದೆ. ತಿಂದು, ಡಬ್ಬಿ ತೊಳೆದು, ಒರೆಸಿ, ಇದ್ದ ಹಾಗೇ ಇಟ್ಟೆ. ತೊಳೆದರೆ ಗೊತ್ತಾಗಲ್ಲ ಅನ್ನೋ ಬುದ್ಧಿ ಎಲ್ಲಿಂದ ಬಂತೋ.

ಅವಳು ಬಂದು ಡಬ್ಬಿ ಎತ್ತಿ ಅಲ್ಲಾಡಿಸಿದಳು.

"ದಿಂಬಣ್ಣ, ನೀನಾ?"

"ಹೂಂ."

"ಪೂರ್ತಿ?"

"ಪೂರ್ತಿ. ಬೈದುಬಿಡು. ಯಜಮಾನರಿಗೆ ಮಾತ್ರ ಹೇಳಬೇಡ."

"ಪುಣ್ಯ ಕಟ್ಟಿಕೊಂಡೆ ಕಣಣ್ಣ!" ಅಂದಳು. "ತೊಳೆದೂ ಇಟ್ಟಿದ್ದೀಯ. ದಿನಾ ಇದನ್ನ ಹಾಕೋಕೆ ಆ ಕುಂಟ ನಾಯಿ ಹುಡುಕಿಕೊಂಡು ಎರಡು ಬೀದಿ ಅಲೀತಿದ್ದೆ."

ಹಾಡು ಗುನುಗಿಕೊಂಡು ಮಿಷನ್ನಿಗೆ ಹೋಗಿ ಕೂತಳು. ನಾಚಿಕೆಯಿಂದ ಸಾಯೋಣ ಅಂತ ಸಿದ್ಧವಾಗಿದ್ದವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಇವತ್ತು ನೋಡಿದರೆ ಫೋಮಿನ ಹಿಂದೆ, ನನ್ನ ಜಾಗದಲ್ಲೇ, ಅವಳ ಡಬ್ಬಿ. ಮುಚ್ಚಳ ತೆಗೆದು, ಚಮಚವನ್ನೂ ಇಟ್ಟಿದ್ದಾಳೆ! ತಗೊಂಡು ಹೋಗಿ ಅವಳ ಮಿಷನ್ ಮೇಲೆ ಕುಕ್ಕಿದೆ.

"ನಾನೇನು ನಿನ್ನ ಕುಂಟ ನಾಯಿನಾ?"

"ಕೂಗಬೇಡಣ್ಣ. ನಿನಗೆ ಬೇಕು, ನನಗೆ ಬೇಡ. ಸರಿಹೋಯ್ತಲ್ಲ."

"ನನಗೂ ಬೇಡ!"

"ಮತ್ತೆ ನಿನ್ನೆ?"

"ನಿನ್ನೆಯೂ ಬೇಡವಾಗಿತ್ತು. ಬೇಡ ಬೇಡ ಅಂದುಕೊಂಡೇ ತಿಂದೆ."

ಮಿಷನ್ ನಿಲ್ಲಿಸಿದಳು. ಕೈಯಲ್ಲಿದ್ದ ರೆಕ್ಸಿನ್ ತುಂಡನ್ನ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ನಾನು ಬೇಕು ಬೇಕು ಅಂದುಕೊಂಡೇ ನಾಯಿಗೆ ಹಾಕ್ತೀನಿ," ಅಂದಳು.

ಆಮೇಲೆ ಸಂಜೆಯವರೆಗೂ ಒಂದೇ ಸೋಫಾದ ಎರಡು ಕಡೆ ಕೂತು ಬಟನ್ ಕೂರಿಸಿ ದಾರ ಎಳೆದೆವು.

ಹೋದ ವರ್ಷ ಅವಳು ಮಿಷನ್ ಮೇಲೇ ತಲೆ ತಿರುಗಿ ಬಿದ್ದಿದ್ದಳು. ಯಜಮಾನರೇ ಓಡಿಹೋಗಿ ಜ್ಯೂಸ್ ತಂದರು. ಏನಮ್ಮಾ, ಸರಿಯಾಗಿ ತಿಂತಿಲ್ವಾ ಅಂತ ಊರಿಗೆ ಊರೇ ಕೇಳಿತು. ಒಂದು ವಾರ ಕಳೆದ ಮೇಲೆ ಅದೇ ಜನ, ಮೈ ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀಯ, ಗುಟ್ಟೇನು ಅಂದರು. ನಾನು ಬಿದ್ದರೆ ಜ್ಯೂಸ್ ಬರಲ್ಲ, ಕ್ರೇನ್ ಬರುತ್ತೆ. ನಾನೂ ಡಬ್ಬದ ಪುಡಿ ಕುಡಿದು ಹಸಿದುಕೊಂಡೇ ಇದ್ದೀನಿ ಅಂದರೆ ನಂಬೋರು ಯಾರು? ಹಸಿದವನು ಸಣ್ಣಗಿರಬೇಕು ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಮಾರ್ಚ್ ೨೧, ಶುಕ್ರವಾರ

ಈ ವಾರ ಗೋದಾಮಲ್ಲಿ ಇಬ್ಬರೂ ಕೂತು ಡಬ್ಬಿ ಹಂಚಿಕೊಂಡೆವು. ಅರ್ಧ ಅವಳಿಗೆ, ಅರ್ಧ ನನಗೆ. ಕೇಳೋಕೆ ಚೆನ್ನಾಗಿದೆ. ಸೋಮವಾರ ಅವಳು ನಾಲ್ಕು ತುತ್ತಿಗೆ ಅಳೋಕೆ ಶುರು ಮಾಡಿದಳು. ಮಂಗಳವಾರ ನಾನು ನನ್ನರ್ಧ ತಿಂದು, ಅವಳು ಆ ಕಡೆ ಹೋದ ಮೇಲೆ ಹೋಗಿ ಬ್ರೆಡ್ಡು ತಂದೆ. ಬುಧವಾರ ಪರವಾಗಿಲ್ಲ. ಗುರುವಾರ ಮತ್ತೆ ಬ್ರೆಡ್ಡು.

ಇವತ್ತು ಅವಳು ಕೇಳಿದಳು. "ಆಪರೇಷನ್ ಮಾಡೋ ಡಾಕ್ಟರಿಗೆ ಈ ಗೋದಾಮಿನ ಕಥೆ ಹೇಳಿದ್ದೀಯಾ?"

"ಹೇಳೋಕೆ ಹೋಗಿದ್ದೆ. ಬಾಯಿ ಕಟ್ಟು ಅಂದುಬಿಟ್ಟರು."

"ಅವರು ಅಂದದ್ದು ಏನು, ಸರಿಯಾಗಿ ಹೇಳು."

"ಆಪರೇಷನ್ ಆಗೋವರೆಗೂ ಬಾಯಿ ಕಟ್ಟಬೇಕು ನೋಡಿ, ಅಂದರು."

ನೋಡಬೇಕಿತ್ತು ಅವಳನ್ನ. ತಿಂತಿದ್ದದ್ದು ನೆತ್ತಿಗೆ ಹತ್ತಿ, ಕೆಮ್ಮಿ, ಕಣ್ಣಲ್ಲಿ ನೀರು ಬಂದರೂ ನಗೋದು ನಿಲ್ಲಿಸಲಿಲ್ಲ. "ಅಯ್ಯೋ ದಿಂಬಣ್ಣ! ಅವರು ಹೇಳಿದ್ದು ತಿನ್ನೋ ಬಾಯಿ! ನೀನು ಕಟ್ಟಿದ್ದು ಆಡೋ ಬಾಯಿ!"

"ಇರೋದು ಒಂದೇ ಬಾಯಿ ತಾನೆ? ಯಾವುದು ಅಂತ ಹೇಳಬೇಕಿತ್ತು."

ಈಗ ಮನೆಗೆ ಬಂದು ಕೂತರೂ ಅದೇ ತಲೆಯಲ್ಲಿ. ಪಥ್ಯ ಮಾಡು ಅಂದದ್ದನ್ನ ಸುಮ್ಮನಿರು ಅಂತ ತಿಳಿದು ಇಷ್ಟು ದಿನ ಹಲ್ಲು ಕಚ್ಚಿಕೊಂಡು ಇದ್ದೆನಲ್ಲ, ನನ್ನಂಥ ದಡ್ಡ ಇನ್ನೊಬ್ಬ ಇಲ್ಲ. ಅವರದೂ ತಪ್ಪಿದೆ. ಎದುರಿಗೆ ಮನುಷ್ಯ ಮಾತಾಡ್ತಿದ್ದಾನೆ, ತಲೆ ಎತ್ತಿ ನೋಡಬೇಕಲ್ಲ? ಅಕ್ಕ ಚಿಕ್ಕಂದಿನಿಂದ ನನ್ನ ತಿನ್ನೋ ಬಾಯಿ ಕಟ್ಟಿಸ್ತಾನೇ ಬಂದಿದ್ದಾಳೆ. ಕಟ್ಟಿದಷ್ಟು ದಿನ ಕಟ್ಟಿರುತ್ತೆ, ಆಮೇಲೆ ಗೋದಾಮು. ಗೋದಾಮಾದ ಮೇಲೆ ನಾಚಿಕೆ, ನಾಚಿಕೆಗೆ ಮತ್ತೆ ಕಟ್ಟೋದು. ಕಡ್ಡಿ ಹೇಳ್ತಾಳೆ, "ಸೀಟಿನ ಸ್ಪ್ರಿಂಗ್ ಹಾಗೆ ಅಣ್ಣ, ಎಷ್ಟು ಅದುಮಿದರೆ ಅಷ್ಟು ಎಗರುತ್ತೆ" ಅಂತ. ನಾನು ಸೋಫಾ ಅಲ್ಲ ಅಂತ ಹೇಳಿದ್ದೀನಿ.

ಮಾರ್ಚ್ ೨೮, ಶುಕ್ರವಾರ

ಬುಧವಾರ ಮನಸ್ಸಿನ ಮೇಡಂ ಹತ್ತಿರ ಹೋಗಬೇಕು. ಅವರು ಪ್ರಶ್ನೆ ಕೇಳಿ, ಸರಿ ಅಂದರೆ ಮಾತ್ರ ಆಪರೇಷನ್. ಭಾವ ಬಸ್ ಓಡಿಸೋದು. ಅವರ ಡಿಪೋದ ಮೆಕ್ಯಾನಿಕ್ ಒಬ್ಬನಿಗೆ ಇದೇ ಆಪರೇಷನ್ ಆಗಿದೆಯಂತೆ. ಅವನು ಹೇಳಿಕಳಿಸಿದ್ದಾನೆ: ಏನೇ ಕೇಳಿದರೂ ಇಲ್ಲ ಅನ್ನು.

ಅಕ್ಕ ಅಭ್ಯಾಸ ಮಾಡಿಸೋಕೆ ಕೂತಳು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅವಳೇ ಮೇಡಂ.

"ನೀವು ಕದ್ದು ತಿಂತೀರಾ?"

"ಇಲ್ಲ."

"ಲೋ, ಅಷ್ಟು ಬೇಗ ಹೇಳಬೇಡ. ಕದ್ದವನ ಹಾಗೇ ಕಾಣುತ್ತೆ. ಸ್ವಲ್ಪ ಯೋಚನೆ ಮಾಡಿ ಹೇಳು."

ಯೋಚನೆ ಮಾಡಿದೆ. "ಇಲ್ಲ."

"ಇಷ್ಟು ಹೊತ್ತು ಯೋಚನೆ ಮಾಡ್ತಾರೇನೋ!"

ಭಾವ ಪೇಪರ್ ಹಿಂದಿನಿಂದ, "ಮೇಡಂ, ನನ್ನನ್ನೂ ಕೇಳಿ. ನಾನು ದಿನಾ ಹೆಂಡತಿಗೆ ಹೆದರಿ ಕದ್ದು ತಿಂತೀನಿ" ಅಂದರು. ಅಕ್ಕ ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ನಗಿ, ನಗಿ. ಅಮ್ಮನೂ ಹೀಗೇ ದಪ್ಪ ಇದ್ದಳು. ಕುರ್ಚಿಯಲ್ಲಿ ಕೂತವಳು ಕೂತ ಹಾಗೇ ಹೋದಳು. ಎಬ್ಬಿಸೋಕೆ ಹೋದವಳು ನಾನು."

ಅದಾದ ಮೇಲೆ ಕೇಳಿದ್ದಕ್ಕೆಲ್ಲ ಸರಿಯಾಗಿ ಇಲ್ಲ ಅಂದೆ. ಆಪರೇಷನ್ ಆಗದಿದ್ದರೆ ಅಕ್ಕ ತಡೆದುಕೊಳ್ಳಲ್ಲ. ಆದರೆ, ಚಿಕ್ಕ ಹೊಟ್ಟೆ ಹೊತ್ತುಕೊಂಡು ಅದೇ ಗೋದಾಮಿಗೆ ಹೋದರೆ ಏನಾಗುತ್ತೆ? ಹೊಲಿಗೆ ಬಿಟ್ಟುಕೊಂಡರೆ? ಇದನ್ನ ಕೇಳೋಣ ಅಂದರೆ, ಎಲ್ಲಕ್ಕೂ ಇಲ್ಲ ಅನ್ನಬೇಕು. ಇಲ್ಲ ಅಂದವನು ಹೇಗೆ ಕೇಳೋದು?

ಏಪ್ರಿಲ್ ೨, ಬುಧವಾರ

ಹೇಳಿಬಿಟ್ಟೆ.

ಚಿಕ್ಕ ರೂಮು, ಎರಡು ಕುರ್ಚಿ. ಅಕ್ಕನನ್ನ ಹೊರಗೆ ಕೂರಿಸಿದರು. ಮನಸ್ಸಿನ ಮೇಡಂ ನನಗಿಂತ ಚಿಕ್ಕವರು. ಕದ್ದು ತಿಂತೀರಾ ಅಂತ ಕೇಳಿದರು, ಅಕ್ಕ ಹೇಳಿಕೊಟ್ಟ ಹಾಗೆ ಯೋಚನೆ ಮಾಡಿ ಇಲ್ಲ ಅಂದೆ. ನಿಲ್ಲಿಸೋಕೆ ಆಗದ ಹಾಗೆ ತಿಂತೀರಾ? ಇಲ್ಲ. ತಿಂದಾದ ಮೇಲೆ ಬೇಜಾರಾಗುತ್ತಾ? ಇಲ್ಲ.

ಆಮೇಲೆ, "ಹಸಿವಾದಾಗ ಏನು ಮಾಡ್ತೀರಿ?" ಅಂದರು.

ಇದು ಅಕ್ಕನ ಪಾಠದಲ್ಲಿ ಇರಲಿಲ್ಲ.

"ಹೆದರ್ತೀನಿ," ಅಂದೆ.

ಬಾಯಿಗೆ ಬಂದೇಬಿಟ್ಟಿತು. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಯಾಕೆ ಅಂತ ಕೇಳಿದರು. ಹಸಿವಾದರೆ ತಿನ್ನಬೇಕಾಗುತ್ತೆ, ಶುರು ಮಾಡಿದರೆ ನಿಲ್ಲಲ್ಲ, ಅದಕ್ಕೆ ಶುರುವೇ ಮಾಡಲ್ಲ, ಮಾಡದಿದ್ದರೆ ಇನ್ನೂ ಹಸಿವಾಗುತ್ತೆ ಅಂದೆ. ಗೋದಾಮು, ಫೋಮು, ಬ್ರೆಡ್ಡು, ಕಡ್ಡಿಯ ಡಬ್ಬಿ, ಎಲ್ಲ ಹೇಳಿದೆ. ಕಡ್ಡಿ ಯಾರು ಅಂತ ಮಾತ್ರ ಹೇಳಲಿಲ್ಲ.

"ಇದು ಬಾಯಿಚಪಲ ಅಲ್ಲ," ಅಂದರು. "ಇದೊಂದು ಕಾಯಿಲೆ. ಇದಕ್ಕೆ ಹೆಸರಿದೆ, ಚಿಕಿತ್ಸೆ ಇದೆ. ಎಷ್ಟೋ ಜನಕ್ಕೆ ತೂಕದ ಜೊತೆ ಇದೂ ಇರುತ್ತೆ."

ಅಷ್ಟು ಮೆತ್ತಗೆ ಹೇಳಿದರಲ್ಲ, ನನಗೆ ಸಮಾಧಾನ ಆಗಬೇಕಿತ್ತು. ಸಿಟ್ಟು ಬಂತು. "ಹಾಗಾದರೆ ಇಷ್ಟು ವರ್ಷ ಯಾಕೆ ಯಾರೂ ಕೇಳಲಿಲ್ಲ? ಹೋದ ಕಡೆಯೆಲ್ಲ ತಕ್ಕಡಿ ಹತ್ತಿಸಿದರು. ಇಳಿದು ಬಂದವನನ್ನ ಹೆಂಗಿದ್ದೀಯಪ್ಪ ಅಂತ ಒಬ್ಬರಾದರೂ ಕೇಳಿದರಾ? ನೆಗಡಿ ಅಂತ ಹೋದರೂ ತೂಕ ಇಳಿಸು. ಕಿವಿನೋವು ಅಂತ ಹೋದರೂ ತೂಕ ಇಳಿಸು. ಕಿವಿಯಲ್ಲಿ ಏನು ಕೊಬ್ಬಿತ್ತು ಮೇಡಂ?" ಹೊರಗಿದ್ದವರಿಗೆಲ್ಲ ಕೇಳಿಸಿರಬೇಕು.

"ಕೇಳಬೇಕಿತ್ತು," ಅಂದರು. ಅಷ್ಟೇ. ವಾದ ಮಾಡಲಿಲ್ಲ.

ಆಪರೇಷನ್ ಮುಂದಕ್ಕೆ ಹೋಯ್ತು. ಬೇಡ ಅಂತಲ್ಲ, ಮೊದಲು ಇದನ್ನ ನೋಡೋಣ, ಆಮೇಲೆ ಬೇಕಾದರೆ ಅದು. ಮುಂದಿನ ವಾರದಿಂದ ಪ್ರತಿ ಶುಕ್ರವಾರ ಬರಬೇಕು. ಡಬ್ಬದ ಪುಡಿ ಬಿಟ್ಟು ಮೂರು ಹೊತ್ತು ಊಟ, ಹಸಿವಾಗಲಿ ಬಿಡಲಿ.

ಬಾಗಿಲು ತೆಗೆದರೆ ಅಕ್ಕ ನಿಂತಿದ್ದಾಳೆ. ಮುಖ ನೋಡಿದ್ದೇ ತಿಳಿದುಕೊಂಡಳು.

ಏಪ್ರಿಲ್ ೩, ಗುರುವಾರ

ಅಕ್ಕ ಮಾತು ಬಿಟ್ಟಿದ್ದಾಳೆ. ಪಾತ್ರೆಗಳೇ ಮಾತಾಡ್ತಿವೆ.

ಏಪ್ರಿಲ್ ೬, ಭಾನುವಾರ

ಬೆಳಿಗ್ಗೆ ಎರಡು ಮೊಟ್ಟೆ, ಬ್ರೆಡ್ಡು, ಒಂದು ಬಾಳೆಹಣ್ಣು ತಗೊಂಡು ಕೂತೆ. ಅಕ್ಕ ಫೋನಲ್ಲಿ ಚಿಕ್ಕಮ್ಮನಿಗೆ, "ಎಲ್ಲಾ ಹಾಳು ಮಾಡಿಕೊಂಡ. ಈಗ ಮೂರು ಹೊತ್ತು ತಿನ್ನಬೇಕಂತೆ. ಯಾವ ಊರ ಔಷಧಿ ಇದು?" ಅಂತಿದ್ದಳು. ನನಗೆ ಕೇಳಲಿ ಅಂತಲೇ.

"ಫೋನ್ ಇಲ್ಲಿ ಕೊಡು, ನಾನೇ ಹೇಳ್ತೀನಿ," ಅಂದೆ.

ಫೋನ್ ಇಟ್ಟುಬಿಟ್ಟಳು. "ಏನು ಹೇಳ್ತೀಯ? ನಾಲ್ಕು ಸುಳ್ಳು ಹೇಳೋಕೆ ಆಗಲಿಲ್ಲ ನಿನಗೆ. ಹುಟ್ಟಿದಾಗಿನಿಂದ ಒಂದು ಮಾತೂ ಆಡದವನು ಅಲ್ಲಿ ಹೋಗಿ ಹರಿಶ್ಚಂದ್ರ ಆದೆಯಾ?"

"ಹೂಂ, ಆದೆ."

"ಸತ್ತರೆ?"

ಬೇರೆ ದಿನ ಆಗಿದ್ದರೆ ತಲೆ ತಗ್ಗಿಸಿರ್ತಿದ್ದೆ. "ನಾನೂ ಅದಕ್ಕೇ ಹೆದರೋದು ಅಕ್ಕ. ನಿನಗಿಂತ ಹೆಚ್ಚು ಹೆದರ್ತೀನಿ. ಆದರೆ ನನ್ನ ಕಾಯಿಲೆ ಬಚ್ಚಿಟ್ಟುಕೊಂಡು ಹೋಗಿ ಮೇಜಿನ ಮೇಲೆ ಮಲಗೋಕೆ ಆಗಲ್ಲ. ಎಷ್ಟು ದಿನ ನನ್ನ ತಟ್ಟೆ ಕಾದೆ ನೀನು? ಒಂದು ದಿನ ಗೆದ್ದಿದ್ದೀಯಾ?"

ತುಂಬ ಜೋರಾಗಿ ಹೇಳಿದೆನೇನೋ. ಅಕ್ಕ ಒಳಗೆ ಹೋದಳು. ಅವಳ ಬೆನ್ನು ನೋಡಿದರೆ ಪಾಪ ಅನ್ನಿಸಿತು. ಬೇಜಾರಾದರೂ ಮೊಟ್ಟೆ ಬಿಡಲಿಲ್ಲ. ತಣ್ಣಗಾಗಿತ್ತು. ಉಪ್ಪೂ ಇರಲಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಬುಧವಾರ ಮತ್ತೆ ಗೋದಾಮು ಆಯ್ತು. ಎರಡು ಬ್ರೆಡ್ಡು ಪ್ಯಾಕು, ಬಿಸ್ಕತ್ತು, ಯಜಮಾನರು ಗಿರಾಕಿಗೆ ಅಂತ ತಂದಿಟ್ಟ ಕೇಕು. ಗಿರಾಕಿ ಬಂದಾಗ ಕೇಕೆಲ್ಲಿ ಅಂತ ಯಜಮಾನರು ಹುಡುಕಿದರು. "ನಾನು ತಿಂದೆ," ಅಂದೆ. ಅವರು ಗಿರಾಕಿಗೆ ಬರೀ ಟೀ ತರಿಸಿದರು. ಯಾವಾಗಲೂ ಇಲಿಯ ಮೇಲೆ ಹಾಕ್ತಿದ್ದೆ.

ಇವತ್ತು ಆಸ್ಪತ್ರೆಯಲ್ಲಿ ನರ್ಸಮ್ಮ ತಕ್ಕಡಿ ಹತ್ತಿಸಿ, ಅಲ್ಲಿಂದಲೇ ಇನ್ನೊಬ್ಬಳಿಗೆ ನಂಬರ್ ಕೂಗೋಕೆ ಹೋದರು. "ಸ್ವಲ್ಪ ತಡೀರಿ. ಇಲ್ಲೇನು ಹರಾಜು ನಡೀತಿದೆಯಾ?" ಅಂದೆ. ಸಾಲಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಕ್ಕರು. ನರ್ಸಮ್ಮ ಮುಖ ಕೆಂಪು ಮಾಡಿಕೊಂಡು ಬರೆದುಕೊಂಡರು. ನಾನು ನಂಬರ್ ನೋಡಲಿಲ್ಲ, ಬೆನ್ನು ತಿರುಗಿಸಿ ನಿಂತಿದ್ದೆ.

ಕೇಕಿನ ವಿಷಯ ಮನಸ್ಸಿನ ಮೇಡಂಗೆ ಹೇಳಿದೆ. ಬೈತಾರೆ ಅಂತ ಕಾದೆ. ಅವತ್ತು ಬೆಳಿಗ್ಗೆ ತಿಂಡಿ ತಿಂದಿದ್ದಿರಾ ಅಂದರು. ತಿಂದಿರಲಿಲ್ಲ. ಅಕ್ಕನ ಮುಖ ನೋಡಲಾರದೆ ಹಾಗೇ ಹೋಗಿದ್ದೆ.

ಕಡ್ಡಿ ಜೊತೆಗೆ ಬರ್ತೀನಿ ಅಂದಿದ್ದಳು. ಆಸ್ಪತ್ರೆ ಗೇಟಿನವರೆಗೂ ಬಂದು, "ನನಗೇನಾಗಿದೆ ಅಂತ ಕೇಳ್ತಾರೆ ಬಿಡಣ್ಣ. ದಪ್ಪ ಇದ್ದರೆ ತೋರಿಸಬಹುದು" ಅಂದು ನಿಂತಳು. "ದಪ್ಪ ಇದ್ದರೆ ದಪ್ಪ ಅಷ್ಟೇ ನೋಡ್ತಾರೆ ಕಣೆ. ನಿನ್ನಂಥವರನ್ನ ಅಷ್ಟೂ ನೋಡಲ್ಲ. ನಾವೇ ಬಾಯಿ ಬಿಟ್ಟು ಹೇಳಬೇಕು" ಅಂದೆ. ವಾಪಸ್ ಹೋದಳು. ಮುಂದಿನ ಶುಕ್ರವಾರ ಎಳ್ಕೊಂಡು ಬರ್ತೀನಿ. ಅವಳನ್ನ ಎಳೆಯೋಕೆ ಎಷ್ಟು ಶಕ್ತಿ ಬೇಕು?

ಏಪ್ರಿಲ್ ೨೦, ಭಾನುವಾರ

ಕಡ್ಡಿ ಮೊನ್ನೆ ಆಸ್ಪತ್ರೆ ಒಳಗೆ ಬಂದು, ಮೇಡಂ ರೂಮಿಗೂ ಹೋದಳು. ಏನು ಮಾತಾಡಿದಳೋ ನಾನು ಕೇಳಿಲ್ಲ. ಹೊರಗೆ ಬಂದು, ಆ ಕುರ್ಚಿ ಸೀಟು ಯಾರು ಹೊಲಿದರೋ, ಅಂಕುಡೊಂಕು ಅಂದಳು.

ಇವತ್ತು ಮಧ್ಯಾಹ್ನ ಭಾವನೂ ಮನೆಯಲ್ಲಿದ್ದರು. ಮೂವರೂ ಕೂತೆವು. ಅಕ್ಕ ಎಂದಿನ ಹಾಗೆ ನನ್ನ ತಟ್ಟೆಗೆ ಒಂದು ಸೌಟು ಅನ್ನ, ಬೇಯಿಸಿದ ತರಕಾರಿ ಹಾಕಿ ಪಾತ್ರೆ ಆ ಕಡೆ ಸರಿಸಿದಳು. ತಿಂದೆ. ಇನ್ನೂ ಹಸಿವಿತ್ತು. ಈ ಮನೆಯಲ್ಲಿ ನಾನು ಎರಡನೇ ಸಲ ಕೇಳಿದ್ದೇ ಇಲ್ಲ. ಬೇಡ ಬೇಡ ಅಂದು ಎದ್ದು ಹೋಗ್ತಿದ್ದೆ. ಎದ್ದು ಎಲ್ಲಿಗೆ ಹೋಗ್ತಿದ್ದೆ ಅಂತ ಈಗ ಅಕ್ಕನಿಗೂ ಗೊತ್ತು.

"ಅಕ್ಕ, ಇನ್ನೊಂದು ಸಲ ಹಾಕು."

ಸೌಟು ನಿಂತಿತು. "ನಾಚಿಕೆ ಆಗಲ್ವೇನೋ?"

"ಆಗ್ತಿದೆ. ಹಾಕು."

ಭಾವ ತಟ್ಟೆ ಬಿಟ್ಟು ತಲೆ ಎತ್ತಲಿಲ್ಲ. ಅಕ್ಕ ಹಾಕಿದಳು, ಸ್ವಲ್ಪ ಜೋರಾಗೇ ಹಾಕಿದಳು. ನಿಧಾನವಾಗಿ ತಿಂದೆ. ಕೊನೆಗೆ ಒಂದೆರಡು ತುತ್ತು ಇರುವಾಗ ಕೈ ನಿಂತುಹೋಯ್ತು. ಏನಾಯ್ತು, ಹುಷಾರು ತಪ್ಪಿತಾ ಅಂತ ಮೊದಲು ಗಾಬರಿಯಾಯ್ತು. ಎದೆ ಮುಟ್ಟಿ ನೋಡಿಕೊಂಡೆ. ಏನೂ ಇಲ್ಲ. ಬೇಡ ಅನ್ನಿಸಿತ್ತು, ಅಷ್ಟೇ.

"ಯಾಕೆ ಬಿಟ್ಟೆ?" ಅಂದಳು ಅಕ್ಕ.

"ಸಾಕಾಯ್ತು."

"ಸಾಕಾಯ್ತಾ? ಕೇಳಿ ಕೇಳಿ ಹಾಕಿಸಿಕೊಂಡು ಈಗ ಸಾಕಾಯ್ತಾ? ಅನ್ನ ದಂಡ ಮಾಡ್ತೀಯಾ? ಸುಮ್ಮನೆ ತಿಂದು ಮುಗಿಸು!"

ಭಾವನಿಗೆ ನಗು ತಡೆಯೋಕೆ ಆಗಲಿಲ್ಲ, ನೀರು ಮೂಗಿಗೆ ಹತ್ತಿ ಎದ್ದುಹೋದರು. ಅಕ್ಕನಿಗೆ ತಾನು ಏನಂದೆ ಅಂತ ಆಗ ಹೊಳೆಯಿತು. ನಗಬಾರದು ಅಂತ ತುಟಿ ಬಿಗಿಹಿಡಿದು ಕಿಟಕಿ ಕಡೆ ನೋಡಿದಳು.

"ತಿನ್ನಲ್ಲ," ಅಂದೆ. "ಮುಚ್ಚಿಡು. ಸಾಯಂಕಾಲ ಹಸಿವಾದರೆ ಇಲ್ಲೇ ಕೂತು ತಿಂತೀನಿ."

ಸಾಯಂಕಾಲ ಹಸಿವಾಯ್ತು. ಹೆದರಿಕೆಯೂ ಆಯ್ತು. ಹೆದರಿಕೊಂಡೇ ತಿಂದೆ. ಅಕ್ಕ ಎದುರಿಗೇ ಕೂತು ನೋಡ್ತಿದ್ದಳು.

ನೋಡಲಿ.